ಗೆಳತಿಯರಿಗಾಗಿ ಒಂದು ಪ್ರಯಾಣ



ಕಳೆದ ಒಂದು ವರ್ಷದಲ್ಲಿ ನೀವು ಮನೆ ಬಿಟ್ಟು ಎಷ್ಟು ಸಲ ಪರವೂರಿಗೆ ಹೋಗಿದ್ದೀರಿ? ಸ್ವಲ್ಪ ಬೆರಳು ಮಡಚಿ ಎಣಿಸಿ ನೋಡಿ. ನಾದಿನಿಯ ಮದುವೆ, ತಂಗಿಯ ಬಾಣಂತನ, ಅಣ್ಣನ ಮಗುವಿನ ಅಕೀಕಾ, ಚಿಕ್ಕಪ್ಪನ ಮಯ್ಯತ್, ಅತ್ತೆಯ ಆಸ್ಪತ್ರೆ. ಹೆಚ್ಚಿನವರ ಪಟ್ಟಿ ಇಲ್ಲಿಗೇ ಮುಗಿಯುತ್ತದೆ. ಈ ಪಟ್ಟಿಯಲ್ಲಿ 'ಗೆಳತಿಯನ್ನು ನೋಡಿ ಬರಲು' ಎಂಬುದು ಒಂದಾದರೂ ಇದೆಯೇ? ಗಂಡಸರು ಹಳೆಯ ದೋಸ್ತನನ್ನು ಕಾಣಲು ಹೈದರಾಬಾದಿಗೆ ಹೋಗಿ ಬಂದರೆ ಯಾರೂ ಕಾರಣ ಕೇಳುವುದಿಲ್ಲ. ನಾವು ಬ್ಯಾಗು ಕೈಗೆತ್ತಿಕೊಂಡರೆ ಮಾತ್ರ 'ಅಲ್ಲೇನು ಕಾರ್ಯಕ್ರಮ?' ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

ಈ ಚಳಿಗಾಲದಲ್ಲಿ, ಎಳ್ಳಮಾವಾಸ್ಯೆ ಕಳೆದ ಮರುವಾರ, ನಾನು ಮನ್ನಾಏಖೇಳ್ಳಿಯಿಂದ ಬಸವಕಲ್ಯಾಣಕ್ಕೆ ಹೋಗಿ ಒಂದು ರಾತ್ರಿ ಉಳಿದು ಬಂದೆ. ಅಲ್ಲಿ ಮದುವೆ ಇರಲಿಲ್ಲ, ಸಾವೂ ಆಗಿರಲಿಲ್ಲ. ನಾನು ಹನ್ನೊಂದು ವರ್ಷ ಸಂಸಾರ ಮಾಡಿದ ಊರದು. ಅಲ್ಲಿ ನನಗೆ ಮೂವರು ಗೆಳತಿಯರಿದ್ದಾರೆ. ಅವರಲ್ಲಿ ಒಬ್ಬರು ಊರು ಬಿಟ್ಟು ಹೋಗುವವರಿದ್ದರು. ಅಷ್ಟೇ ಕಾರಣ. ಆ ಎರಡು ದಿನಗಳಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಎಲ್ಲರೂ ಹಾದು ಹೋಗುವ ಊರು

ಕರಾವಳಿಯ, ಮಲೆನಾಡಿನ ಸಹೋದರಿಯರಿಗೆ ಮನ್ನಾಏಖೇಳ್ಳಿ ಎಂಬ ಹೆಸರನ್ನು ಓದುವುದೇ ಕಷ್ಟವಾಗಬಹುದು. ನಮ್ಮ ಊರಿನ ಬೋರ್ಡುಗಳಲ್ಲೇ ಅದನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದಾರೆ! ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿದರೆ ಅದರ ನೆತ್ತಿಯ ಮೇಲಿರುವುದು ಬೀದರ್ ಜಿಲ್ಲೆ. ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಈ ಜಿಲ್ಲೆಯನ್ನು ಅಡ್ಡಲಾಗಿ ದಾಟುತ್ತದೆ. ಹಿಂದೆ ಇದಕ್ಕೆ 9ನೇ ನಂಬರು, ಈಗ 65. ಬೀದರಿನಿಂದ ಇಳಿದು ಬರುವ ರಸ್ತೆ ಈ ಹೆದ್ದಾರಿಯನ್ನು ಕೂಡುವ ಜಾಗದಲ್ಲಿ ಮನ್ನಾಏಖೇಳ್ಳಿ ಇದೆ. ಮೊದಲು ನಾವು ಹುಮನಾಬಾದ್ ತಾಲೂಕಿನವರಾಗಿದ್ದೆವು. 2018ರಲ್ಲಿ ಚಿಟಗುಪ್ಪ ಹೊಸ ತಾಲೂಕಾದ ಮೇಲೆ ಅದಕ್ಕೆ ಸೇರಿದೆವು.

ಹಗಲು ರಾತ್ರಿ ಲಾರಿಗಳ ಸದ್ದು, ಚಹಾದ ಹೋಟೆಲುಗಳು, ಬಸ್ಸಿಗಾಗಿ ಕಾಯುವವರು. ಚಳಿಗಾಲವಾದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು. ಮನೆಯೊಳಗೆ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಪೂರ್ವಕ್ಕೆ ಹೋದರೆ ತೆಲುಗು, ಪಶ್ಚಿಮಕ್ಕೆ ಹೋದರೆ ಮರಾಠಿ. ಇಲ್ಲಿ ಹಾದು ಹೋಗುವವರು ಸಾವಿರ ಜನ, ಇಳಿಯುವವರು ಕೆಲವೇ ಮಂದಿ. ನಮ್ಮ ಮನೆಯವರಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ 2015ರಲ್ಲಿ ನಾವೂ ಇಳಿದೆವು. ನಾನು ಇಲ್ಲಿಯೇ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ.

ಶನಿವಾರ ಬೆಳಗಿನ ಶಾಲೆ. ಅದನ್ನು ಮುಗಿಸಿ, ಲುಹರ್ ನಮಾಝ್ ಮಾಡಿ, ಎಂಟನೇ ತರಗತಿಯ ಮಗಳನ್ನು ಜೊತೆಗೆ ಕರೆದುಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಬಂತು. ಹಿಂದೆ ಈಶಾನ್ಯ ಸಾರಿಗೆ ಎನ್ನುತ್ತಿದ್ದ ಬಸ್ಸುಗಳೇ ಇವು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟ ಬಳಿಕ ಸಾರಿಗೆ ಸಂಸ್ಥೆಯ ಹೆಸರೂ ಬದಲಾಯಿತು. ಆ 'ಕಲ್ಯಾಣ' ಬೇರೆ ಯಾವುದೂ ಅಲ್ಲ, ನಾವು ಹೊರಟಿದ್ದ ಊರೇ.

ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದೆವು. ಶೂನ್ಯ ಎಂದು ಅಚ್ಚಾಗಿದ್ದ ಎರಡು ಟಿಕೆಟ್ ಕೈಗೆ ಬಂದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗಡಿಭಾಗದ ನಮ್ಮಂಥವರು ಇನ್ನೊಂದನ್ನೂ ನೆನಪಿಡಬೇಕು. ಅಂತರರಾಜ್ಯ ಬಸ್ಸುಗಳಿಗೂ ಈ ಸೌಲಭ್ಯ ಇಲ್ಲ. ನಮ್ಮ ರಸ್ತೆಯಲ್ಲಿ ಹೈದರಾಬಾದಿನ ಬಸ್ಸುಗಳೇ ಹೆಚ್ಚು ಓಡಾಡುವುದರಿಂದ ಬೋರ್ಡು ನೋಡಿ ಹತ್ತಬೇಕು.

ಉಚಿತ ಬಸ್ಸಿನ ಬಗ್ಗೆ ಪರ ವಿರೋಧ ನೂರು ಮಾತುಗಳಿವೆ. ನೂಕುನುಗ್ಗಲು ಇರುವುದೂ ನಿಜ. ಆದರೆ ಒಂದು ಮಾತನ್ನು ಹೆಂಗಸರೇ ಹೇಳಬೇಕು. ಮೊದಲು ಹೋಗಿ ಬರುವ ಖರ್ಚಿಗೆ ಕೈಚಾಚಬೇಕಿತ್ತು. ಕೈಚಾಚಿದ ಮೇಲೆ ಕಾರಣ ಹೇಳಲೇಬೇಕಿತ್ತು. ಗೆಳತಿ ಎಂಬುದು ಕಾರಣವಾಗಿ ಎಂದೂ ನಿಲ್ಲುತ್ತಿರಲಿಲ್ಲ. ಈಗ ಟಿಕೆಟಿನ ಹಣ ಕೇಳುವ ಅಗತ್ಯವಿಲ್ಲ, ಅರ್ಧ ಕಾರಣವೂ ತಪ್ಪಿತು.

ಪಕ್ಕದಲ್ಲಿ ಕುಳಿತ ಅಜ್ಜಿ ಎಲ್ಲಿಗೆ ಎಂದು ಕೇಳಿದರು. "ಕಲ್ಯಾಣಕ್ಕೆ" ಎಂದೆ. ನಮ್ಮ ಕಡೆಯವರು 'ಬಸವ' ಸೇರಿಸುವುದು ಕಾಗದದ ಮೇಲೆ ಮಾತ್ರ, ಬಾಯಲ್ಲಿ ಕಲ್ಯಾಣವೇ. "ಅಲ್ಲಿ ಯಾರದಾರವ್ವಾ?" "ಗೆಳತ್ಯಾರು." ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿದರು. "ಬರೇ ಗೆಳತ್ಯಾರ್ನ ನೋಡ್ಲಿಕ್ಕ?" ಎಂದರು. ಆಮೇಲೆ ತುಸು ಹೊತ್ತು ಸುಮ್ಮನಿದ್ದು, ಚಿಂಚೋಳಿಯ ಕಡೆಗೆ ಮದುವೆಯಾಗಿ ಹೋದ ತನ್ನ ಗೆಳತಿಯೊಬ್ಬಳ ಹೆಸರು ಹೇಳಿದರು. ನೋಡಿ ನಲವತ್ತು ವರ್ಷವಾಯಿತಂತೆ. ಆಕೆ ಬದುಕಿದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲವಂತೆ.

ಹುಮನಾಬಾದ್ ದಾಟಿ

ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕು. ಈ ಊರಿನ ವೀರಭದ್ರೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳೆಲ್ಲ ಸೇರುತ್ತವೆ. ಪಕ್ಕದಲ್ಲೇ ಮಾಣಿಕನಗರ. 19ನೇ ಶತಮಾನದ ಸಂತ ಮಾಣಿಕಪ್ರಭುಗಳು ನೆಲೆಸಿದ ಜಾಗ ಅದು. ಎಲ್ಲ ಮತಗಳೂ ಗೌರವಕ್ಕೆ ಅರ್ಹ ಎಂದು ಸಾರಿದ ಅವರ ಮಾರ್ಗಕ್ಕೆ ಸಕಲಮತ ಸಂಪ್ರದಾಯ ಎಂದೇ ಹೆಸರು. ಹೈದರಾಬಾದ್ ಸಂಸ್ಥಾನದ ಕಾಲದಿಂದಲೂ ಮುಸ್ಲಿಮರು ಅಲ್ಲಿಗೆ ಹೋಗಿ ಬರುತ್ತಿದ್ದರು. 2017ರ ಅಕ್ಟೋಬರ್ 29ರಂದು ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಹುಮನಾಬಾದಿನಿಂದ ಕಲಬುರಗಿಗೂ ರೈಲಿನಲ್ಲಿ ಹೋಗಬಹುದು. ಬಸವಕಲ್ಯಾಣಕ್ಕೆ ಮಾತ್ರ ರೈಲಿಲ್ಲ, ಬಸ್ಸೇ ಗತಿ.

ಈ ತಾಲೂಕಿನ ಜಲಸಂಗಿ ಎಂಬ ಹಳ್ಳಿಯನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಹೆಣ್ಣುಮಗಳ ಶಿಲ್ಪವಿದೆ. ಆಕೆ ನಿಂತುಕೊಂಡು ಶಾಸನ ಬರೆಯುತ್ತಿದ್ದಾಳೆ. ಅಕ್ಷರಗಳು ಕಲ್ಲಿನ ಮೇಲೆ ಸ್ಪಷ್ಟವಾಗಿವೆ, ಅದು ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಜನ ಅವಳನ್ನು ಶಾಸನ ಸುಂದರಿ ಎನ್ನುತ್ತಾರೆ. ನಾನು ಶಾಲೆಯ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಅವರು ಅವಳ ಒಡವೆಗಳನ್ನು ನೋಡುತ್ತಿದ್ದರು. "ಅವಳ ಕೈಯನ್ನು ನೋಡಿರಿ" ಎಂದು ನಾನು ಹೇಳಬೇಕಾಯಿತು. ಒಂಬತ್ತು ನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಬರೆಯುವ ಹೆಣ್ಣನ್ನು ಕಲ್ಲಿನಲ್ಲಿ ಕೆತ್ತಿದ್ದರು. ಅದೇ ನೆಲದಲ್ಲಿ ಇಂದಿಗೂ ತಮ್ಮ ಹೆಸರು ಬರೆಯಲು ಬಾರದ ಹೆಂಗಸರಿದ್ದಾರೆ. ಇದನ್ನು ಏಕೆ ಹೇಳಿದೆ ಎಂಬುದು ಮುಂದೆ ನಿಮಗೆ ಗೊತ್ತಾಗುತ್ತದೆ.

ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದ ಬಳಿ ಬಸ್ಸು ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗುತ್ತದೆ. ರಸ್ತೆಯ ಎರಡೂ ಕಡೆ ಲಾರಿ ಗ್ಯಾರೇಜುಗಳು. ಬಸವಕಲ್ಯಾಣದಲ್ಲಿ ಲಾರಿ ವ್ಯವಹಾರ ದೊಡ್ಡದು. ನಮ್ಮ ಮನೆಯವರು ಅಂಥದೇ ಒಂದು ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತಿದ್ದರು. 2004ರಲ್ಲಿ ಮದುವೆಯಾಗಿ ನಾನು ಈ ತಿರುವಿನಲ್ಲೇ ಮೊದಲ ಬಾರಿ ಊರು ಕಂಡದ್ದು.

ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಇಲ್ಲಿಂದ ಆಳಿದ. ಹಿಂದೂ ಕಾನೂನಿನ ಪ್ರಸಿದ್ಧ ಗ್ರಂಥ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಅವನ ಆಸ್ಥಾನದಲ್ಲಿ. ಹನ್ನೆರಡನೇ ಶತಮಾನದಲ್ಲಿ ಬಿಜ್ಜಳನ ಕಾಲಕ್ಕೆ ಬಸವಣ್ಣನವರು ಇಲ್ಲಿದ್ದರು. ಅಕ್ಕಮಹಾದೇವಿ ಬಹು ದೂರದಿಂದ ನಡೆದು ಇಲ್ಲಿಗೆ ಬಂದರು. ಹಾದಿಯಲ್ಲಿ ಬಿದ್ದ ಅಕ್ಕಿ ಆಯುವ ಮನೆತನದ ಲಕ್ಕಮ್ಮನೂ ಇಲ್ಲಿ ಮಾತಾಡಿದಳು, ಅವಳ ಮಾತನ್ನು ಜನ ಕೇಳಿದರು. ನಿಜಾಮರ ಕಾಲದಲ್ಲಿ ಇದು ನವಾಬರ ಜಾಗೀರು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷ 'ಕಲ್ಯಾಣಿ' ಬಸವಕಲ್ಯಾಣವಾಯಿತು. ಈಗ ಊರಿನಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಇದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ರಾಜಾ ಬಾಗ್‌ಸವಾರರ ದರ್ಗಾ ಊರಿನ ಇನ್ನೊಂದು ಗುರುತು.

ಇವೆಲ್ಲ ಪುಸ್ತಕದ ಕಲ್ಯಾಣ. ನನ್ನ ಕಲ್ಯಾಣ ಒಂದು ಓಣಿಯಷ್ಟೇ ದೊಡ್ಡದು.

'ಅವರು ನಮಗೆ ಏನಾಗಬೇಕು?'

ಓಣಿಯ ತುದಿಯಲ್ಲಿ ಕಟ್ಟಿಗೆಯ ದೊಡ್ಡ ಬಾಗಿಲಿನ ಹಳೆಯ ವಾಡೆ. ಒಳಗೆ ಕಲ್ಲು ಹಾಸಿದ ಅಂಗಳ, ಅಂಗಳದ ನಡುವೆ ಬೇವಿನ ಮರ. ಅದರ ಒಂದು ಬದಿಯ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಮನೆಯೊಡತಿಯನ್ನು ನಾನು ಆಪಾ ಎಂದೇ ಕರೆಯುತ್ತಿದ್ದೆ. ಪಕ್ಕದ ಮನೆಯಲ್ಲಿ ಸರ್ಕಾರಿ ಶಾಲೆಯ ಕನ್ನಡ ಟೀಚರು, ಲಿಂಗಾಯತರು. ಅವರು ಟೀಚರಕ್ಕ. ಎದುರು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಸದಾ ಕುಳಿತಿರುತ್ತಿದ್ದವರು ಭಾಭಿ.

ನಾನು ಮದ್ರಸದಲ್ಲಿ ಓದಿ ಬಂದವಳು. ಅರಬಿ, ಉರ್ದು ಚೆನ್ನಾಗಿ ಬರುತ್ತಿತ್ತು. ಕನ್ನಡವನ್ನು ತಡವರಿಸಿ ಓದುತ್ತಿದ್ದೆ. ಒಂದು ದಿನ ಟೀಚರಕ್ಕ, "ನೋಡ್ ತಂಗಿ, ಅರಬಿ ವ್ಯಾಕರಣ ಕಲ್ತಾಕಿಗಿ ಕನ್ನಡ ಏನ್ ಬಿರಿ ಅದ?" ಎಂದು ಪುಸ್ತಕ ತಂದು ಮುಂದಿಟ್ಟರು. ಆಮೇಲೆ ಖಾಸಗಿಯಾಗಿ ಬಿ.ಎ. ಕಟ್ಟಿದೆ. ನಾನು ಅವರ ಕಟ್ಟೆಯ ಮೇಲೆ ಹಳಗನ್ನಡ ಬಿಡಿಸುತ್ತಿದ್ದಾಗ ನನ್ನ ಹಸುಗೂಸು ಆಪಾರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಪರೀಕ್ಷೆಗೆ ಹೋಗಲು ಒಳ್ಳೆಯ ಬುರ್ಖಾ ಇಲ್ಲವೆಂದು ಗೊತ್ತಾಗಿ ಭಾಭಿ ಒಂದೇ ರಾತ್ರಿಯಲ್ಲಿ ಹೊಲಿದು ಕೊಟ್ಟರು, ಹೊಲಿಗೆಯ ಹಣ ತೆಗೆದುಕೊಳ್ಳಲಿಲ್ಲ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರೊಂದೇ ಇದೆ. ಅಲ್ಲಿ ಇರಬೇಕಾದ ಹೆಸರುಗಳು ನಾಲ್ಕು.

ಓಣಿಗೆ ಕಾಲಿಡುತ್ತಿದ್ದಂತೆ ಮಗಳು ಕೇಳಿದಳು: "ಅಮ್ಮಿ, ಅವರು ನಮಗೆ ಏನಾಗಬೇಕು?" ಖಾಲಾ ಅಲ್ಲ, ಫುಪ್ಪಿ ಅಲ್ಲ, ಮಾಮಿ ಅಲ್ಲ. ಎಷ್ಟೆಲ್ಲ ಸಂಬಂಧಗಳಿಗೆ ನಮ್ಮ ಭಾಷೆಗಳಲ್ಲಿ ಪದಗಳಿವೆ! ಹೊಟ್ಟೆಯಲ್ಲಿ ಹುಟ್ಟದೆ, ಮದುವೆಯಿಂದ ಬೆಸೆಯದೆ ಹತ್ತಿರವಾದವರಿಗೆ ಮನೆಯ ಸಂಬಂಧದ ಹೆಸರನ್ನೇ ಸಾಲ ತಂದು ಕರೆಯುತ್ತೇವೆ. "ನೀನು ಅವರ ತೊಡೆಯ ಮೇಲೆ ಬೆಳೆದಿದ್ದೀಯ" ಎಂದಷ್ಟೇ ಹೇಳಿದೆ.

ಆಪಾರ ಯಜಮಾನರು ತೀರಿಕೊಂಡು ಎರಡು ವರ್ಷ. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಆಪಾ ಹೊಸ್ತಿಲು ದಾಟದಿದ್ದಾಗ ಟೀಚರಕ್ಕ ದಿನವೂ ಸಂಜೆ ಬಂದು ಜೊತೆಗೆ ಕೂರುತ್ತಿದ್ದರಂತೆ. ಮಗ ಪುಣೆಯಲ್ಲಿ ನೌಕರಿ ಮಾಡುತ್ತಾನೆ. ಒಳ್ಳೆಯ ಮಗ. ತಾಯಿಯನ್ನು ಒಬ್ಬಂಟಿಯಾಗಿ ಬಿಡಲು ಅವನಿಗೆ ಮನಸ್ಸಿಲ್ಲ. ವಾಡೆಯ ಮಾಳಿಗೆ ಸೋರುತ್ತದೆ, ರಿಪೇರಿಗೆ ಬಹಳ ಖರ್ಚು. ಹಾಗಾಗಿ ಮನೆ ಮಾರುವುದೆಂದಾಯಿತು, ಮುಂಗಡವೂ ಕೈ ಸೇರಿತು. ಸೋಮವಾರ ಆಪಾರನ್ನು ಕರೆದೊಯ್ಯುವುದೆಂದು ನಿಶ್ಚಯಿಸಿ ಅವನು ಬಂದಿದ್ದ.

"ನಕ್ಕೋ ಕರ್ಕೆ ಕೈಸಾ ಬೋಲನಾ?" ಎಂದರು ಆಪಾ. ಬೇಡ ಎಂದು ಹೇಗೆ ಹೇಳಲಿ ಎಂದರ್ಥ. ಹದಿನೇಳಕ್ಕೆ ತವರು ಬಿಟ್ಟು ಕಲ್ಯಾಣಕ್ಕೆ ಬಂದರು. ಆಗಲೂ ಯಾರೂ ಕೇಳಲಿಲ್ಲ. ಈಗ ಎಪ್ಪತ್ತರ ಹತ್ತಿರ ಕಲ್ಯಾಣ ಬಿಟ್ಟು ಪುಣೆಗೆ. ಗಂಡಸು ಒಂದೇ ಊರಿನಲ್ಲಿ ಹುಟ್ಟಿ, ದುಡಿದು, ಮುಪ್ಪಾಗಬಹುದು. ಹೆಣ್ಣಿಗೆ ಊರು ಎಂಬುದು ತಂದೆಯದು, ಆಮೇಲೆ ಗಂಡನದು, ಕೊನೆಗೆ ಮಗನದು. ತನ್ನದು ಎಂದು ಅವಳು ಕಟ್ಟಿಕೊಳ್ಳುವುದು ಅಂಗಳದಲ್ಲಿ ಕುಳಿತು ಮಾತಾಡುವ ನಾಲ್ಕು ಜನರನ್ನು ಮಾತ್ರ. ಸಾಮಾನು ಕಟ್ಟುವಾಗ ಅವರನ್ನು ಕಟ್ಟಲು ಬರುವುದಿಲ್ಲ.

ಕ್ಯಾಲೆಂಡರಿನ ಹಿಂಬದಿ

ರಾತ್ರಿ ಎಲ್ಲರೂ ಅಂಗಳದಲ್ಲಿ ಸೇರಿದೆವು. ಆಪಾ ಬಗಾರಾ ಖಾನಾ, ದಾಲ್ಚಾ ಮಾಡಿದ್ದರು. ಟೀಚರಕ್ಕ ಸಜ್ಜೆ ರೊಟ್ಟಿ ಮತ್ತು ಭಜ್ಜಿ ತಂದರು. ಕರಾವಳಿಯವರು ಎಣ್ಣೆಯಲ್ಲಿ ಕರಿದ ಭಜ್ಜಿ ಎಂದುಕೊಳ್ಳಬೇಡಿ. ಎಳ್ಳಮಾವಾಸ್ಯೆಗೆ ಹತ್ತಾರು ಬಗೆಯ ಸೊಪ್ಪು, ಹಸಿ ಕಾಳು, ತರಕಾರಿಗಳನ್ನು ಒಟ್ಟಿಗೆ ಬೇಯಿಸಿ ಹೊಲಕ್ಕೆ ಒಯ್ದು ಹಂಚಿ ತಿನ್ನುವ ಪಲ್ಯ ಅದು. ಬೀದರ್, ಕಲಬುರಗಿ ಕಡೆ ಅಂದು ಹೊಲದಲ್ಲಿ ಊಟಕ್ಕೆ ಕರೆಯದ ನೆರೆಯವರೇ ಇಲ್ಲ. ಹಬ್ಬ ಮುಗಿದು ವಾರವಾಗಿದ್ದರೂ ಆಪಾರಿಗೆ ಇಷ್ಟವೆಂದು ಟೀಚರಕ್ಕ ಮತ್ತೊಮ್ಮೆ ಮಾಡಿದ್ದರು.

ಊಟವಾದ ಮೇಲೆ ಭಾಭಿ ಕೇಳಿದರು: "ಆಪಾ, ಪುಣೆಗೆ ಹೋದ ಮೇಲೆ ನಮಗೆ ಫೋನು ಹೇಗೆ ಮಾಡುತ್ತೀರಿ?" ಆಪಾ ಉತ್ತರ ಕೊಡಲಿಲ್ಲ. ಅವರು ಕುರ್‌ಆನ್ ಓದುತ್ತಾರೆ. ಆದರೆ ಕನ್ನಡ, ಇಂಗ್ಲಿಷ್ ಒಂದಕ್ಷರವೂ ಬಾರದು. ಬಂದ ಕರೆಗೆ ಹಸಿರು ಗುಂಡಿ ಒತ್ತುವುದು ಗೊತ್ತು. ತಾವಾಗಿ ಕರೆ ಮಾಡಬೇಕಾದರೆ ಇಷ್ಟು ವರ್ಷ ಯಜಮಾನರು, ಅವರ ಬಳಿಕ ಓಣಿಯ ಹುಡುಗರು ಹಚ್ಚಿಕೊಡುತ್ತಿದ್ದರು. ಪುಣೆಯ ಫ್ಲ್ಯಾಟಿನಲ್ಲಿ ಹಗಲು ಹೊತ್ತು ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಾಗಾದರೆ ಸೋಮವಾರದ ನಂತರ ಆಪಾ ಯಾರೊಂದಿಗೆ ಮಾತಾಡಬೇಕೆಂಬುದು ಬೇರೆಯವರ ಬಿಡುವಿಗೆ ಬಿಟ್ಟದ್ದು.

ಉಪಾಯ ಹೊಳೆದದ್ದು ಮಗಳಿಗೆ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ರಟ್ಟಿಗೆ ಅಂಟಿಸಿ ಹಿಂಬದಿಯಲ್ಲಿ ಚಿತ್ರ ಬಿಡಿಸತೊಡಗಿದಳು. ಭಾಭಿಗೆ ಹೊಲಿಗೆ ಯಂತ್ರ, ಟೀಚರಕ್ಕನಿಗೆ ಕನ್ನಡಕ ಮತ್ತು ಪುಸ್ತಕ. ನನಗೆ ಬಸ್ಸು, ಏಕೆಂದರೆ ನಾವು ಹೆದ್ದಾರಿಯ ಊರಿನವರು. ಪ್ರತಿ ಚಿತ್ರದ ಮುಂದೆ ನಂಬರು ಬರೆಯಬೇಕು. ಆಪಾರಿಗೆ ಫೋನಿನ ಮೇಲಿನ ಅಂಕಿಗಳು ಗೊತ್ತಿಲ್ಲವಲ್ಲ! ಆಗ ಅವರೇ ಹೇಳಿದರು: "ಆಯತ್ ನಂಬರ್ ಓದುತ್ತೇನಲ್ಲ, ಹಾಗೆ ಬರಿ." ಹೌದು, ಆಯತ್ತುಗಳ ಕೊನೆಯ ಸಂಖ್ಯೆಗಳನ್ನು ಓದಿ ಓದಿ ಉರ್ದು ಅಂಕಿಗಳು ಅವರಿಗೆ ಬಾಯಿಪಾಠವಾಗಿದ್ದವು. ನಾನು ಮೇಲಿನ ಸಾಲಿನಲ್ಲಿ ಉರ್ದು ಅಂಕಿ, ಅದರ ಕೆಳಗೆ ಫೋನಿನಲ್ಲಿರುವ ಅಂಕಿ ಬರೆದೆ. ಒಂದನ್ನು ನೋಡಿ ಇನ್ನೊಂದನ್ನು ಗುರುತಿಸಬಹುದು. ಟೀಚರಕ್ಕ ಮುವ್ವತ್ತು ವರ್ಷ ಒಂದನೇ ತರಗತಿಗೆ ಕಲಿಸಿದವರು. ಹತ್ತು ಅಂಕಿಗಳನ್ನು ಹತ್ತು ಸಲ ತಿದ್ದಿಸಿದರು.

ರಾತ್ರಿ ಹನ್ನೊಂದರ ಸುಮಾರಿಗೆ ಆಪಾ ರಟ್ಟನ್ನು ಮೊಣಕಾಲ ಮೇಲಿಟ್ಟು, ಹೊಲಿಗೆ ಯಂತ್ರದ ಮುಂದಿನ ನಂಬರನ್ನು ಒಂದೊಂದಾಗಿ ಒತ್ತಿದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಭಾಭಿಯ ಫೋನು ಹೊಡೆದುಕೊಂಡಿತು. ಹತ್ತು ಹೆಜ್ಜೆ ದೂರದಿಂದ "ಹಲೋ, ಯಾರು?" ಎಂದರು ಭಾಭಿ. "ಮೈ ಬೋಲ್ರೀ ಹೂಂ" ಎಂದ ಆಪಾ ಮುಂದೆ ಮಾತು ಹೊರಡದೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ನಮ್ಮೆಲ್ಲರಿಗೂ ನಗು, ಅಳು ಎರಡೂ ಒಟ್ಟಿಗೇ ಬಂದವು.

ಇದನ್ನೆಲ್ಲ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ ಮಗ ಎದ್ದು ಬಂದು ರಟ್ಟನ್ನು ಕೈಗೆ ತೆಗೆದುಕೊಂಡ. ಬಹಳ ಹೊತ್ತು ನೋಡಿದ. "ಅಮ್ಮಿಯ ಔಷಧಿ, ಬ್ಯಾಂಕಿನ ಪುಸ್ತಕ, ರೇಷನ್ ಕಾರ್ಡು ಎಲ್ಲ ಕಟ್ಟಿದ್ದೆ. ಇದು ನನಗೆ ತಿಳಿಯಲಿಲ್ಲ" ಎಂದ. ವರ್ಷಕ್ಕೊಮ್ಮೆ ಆಪಾರನ್ನು ಹದಿನೈದು ದಿನ ಇಲ್ಲಿಗೆ ಕಳಿಸಬೇಕೆಂದು ಭಾಭಿ ಕೇಳಿದರು. "ನೋಡೋಣ" ಎಂದ. ಟೀಚರಕ್ಕ ಬಿಡಲಿಲ್ಲ. "ನೋಡೋಣ ಅನಬ್ಯಾಡ ತಮ್ಮಾ, ತಾರೀಖ್ ಹೇಳು. ನಮ್ಮ ಮನ್ಯಾಗ ಇರ್ತಾರ, ವಾಡೆ ಇಲ್ಲದಿದ್ರ ಏನಾಯ್ತು?" ಅವನು ನಕ್ಕು, ಫೋನು ತೆರೆದು ಮುಂದಿನ ಎಳ್ಳಮಾವಾಸ್ಯೆ ಯಾವಾಗ ಎಂದು ಹುಡುಕಿದ.

ಕೋಟೆಯ ಮೇಲಿನಿಂದ

ಭಾನುವಾರ ಬೆಳಿಗ್ಗೆ ಎಲ್ಲರೂ ಕೋಟೆಗೆ ಹೋದೆವು. ಕಂದಕ, ದಪ್ಪ ಗೋಡೆ, ಬುರುಜು, ತೋಪುಗಳ ಈ ಕೋಟೆಗಾಗಿ ಎಷ್ಟೋ ಯುದ್ಧಗಳಾಗಿವೆ. ಶಹಜಾದೆಯಾಗಿದ್ದ ಔರಂಗಜೇಬ್ 1657ರಲ್ಲಿ ಬೀದರ್ ಕೋಟೆಯನ್ನೂ ಇದನ್ನೂ ಆದಿಲ್‌ಶಾಹಿಗಳಿಂದ ಗೆದ್ದುಕೊಂಡ. ಐವತ್ತು ವರ್ಷ ಈ ಊರಿನಲ್ಲಿದ್ದರೂ ಆಪಾ ಕೋಟೆಯೊಳಗೆ ಬಂದದ್ದು ಒಂದೇ ಸಲವಂತೆ, ಅದೂ ಬಂದ ನೆಂಟರಿಗೆ ತೋರಿಸಲು. ನಮ್ಮೂರಿನ ಒಳ್ಳೆಯ ಜಾಗಗಳನ್ನು ನೆಂಟರಿಗಾಗಿ ಮಾತ್ರ ನೋಡುವವರು ನಾವು.

ನಿಧಾನವಾಗಿ, ಎರಡು ಕಡೆ ಕೂತು ದಣಿವಾರಿಸಿಕೊಂಡು ಆಪಾ ಮೇಲೆ ಹತ್ತಿದರು. ಊರೆಲ್ಲ ಕಾಣುತ್ತಿತ್ತು. ಮಗಳು ತೋಪನ್ನು ನೋಡುತ್ತಿದ್ದಳು, ಆಪಾ ಮನೆಗಳ ಮಾಳಿಗೆಗಳ ನಡುವೆ ಏನನ್ನೋ ಹುಡುಕುತ್ತಿದ್ದರು. "ಅಗೋ, ನಮ್ಮ ಬೇವು" ಎಂದು ಬೆರಳು ತೋರಿಸಿದರು. ಹಸಿರಿನ ಒಂದು ಚುಕ್ಕೆ. ಮನೆ ಕೊಂಡವರು ಅದನ್ನು ಉಳಿಸುತ್ತಾರೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಲ್ಲಿ ನಿಂತಾಗ ನನಗೆ ಹದೀಸ್ ಪಾಠದ ದಿನಗಳು ನೆನಪಾದವು. ಹಝ್ರತ್ ಖದೀಜಾ(ರ) ತೀರಿಕೊಂಡ ಎಷ್ಟೋ ವರ್ಷಗಳ ಮೇಲೂ ಪ್ರವಾದಿವರ್ಯರು(ಸ) ಮನೆಯಲ್ಲಿ ಆಡು ಕೊಯ್ದರೆ ಮಾಂಸದ ಪಾಲನ್ನು ಖದೀಜಾರ ಗೆಳತಿಯರ ಮನೆಗಳಿಗೆ ಕಳುಹಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಪಾಠ ಕೇಳುವಾಗ ಇದನ್ನು ಪತ್ನಿಯ ಮೇಲಿನ ಪ್ರೀತಿಯ ಉದಾಹರಣೆಯಾಗಿ ಕಲಿತಿದ್ದೆವು. ಅಂದು ಇನ್ನೊಂದು ವಿಷಯ ಹೊಳೆಯಿತು. ತನ್ನ ಪತ್ನಿಯ ಗೆಳತಿಯರು ಯಾರು, ಅವರ ಮನೆಗಳು ಎಲ್ಲಿವೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಗಂಡಂದಿರಿಗೆ, ಎಷ್ಟು ಮಕ್ಕಳಿಗೆ ಇದು ಗೊತ್ತಿದೆ?

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಹೋಗುವಾಗ ನಾನು ಆಪಾರಿಗೆ ಹೇಳಿದೆ: "ನಿಮ್ಮ ಪುಣೆಯ ಬಸ್ಸು ಓಡುವುದೂ ನಮ್ಮ ಊರಿನ ಮುಂದೆ ಹಾಯುವ ರಸ್ತೆಯಲ್ಲೇ. ರಸ್ತೆ ಒಂದೇ, ಆಪಾ." ಅವರು ರಟ್ಟಿನ ಮೇಲಿನ ಬಸ್ಸಿನ ಚಿತ್ರವನ್ನು ಮುಟ್ಟಿ ತೋರಿಸಿದರು.

ಅಲ್ಹಮ್ದುಲಿಲ್ಲಾಹ್, ಈಗ ವಾರಕ್ಕೆರಡು ಸಲ ಹಗಲು ಹನ್ನೊಂದರ ಸುಮಾರಿಗೆ ಪುಣೆಯಿಂದ ಫೋನು ಬರುತ್ತದೆ. ಶಾಲೆಯಲ್ಲಿದ್ದರೆ ಬಿಡುವಿನಲ್ಲಿ ನಾನೇ ತಿರುಗಿ ಮಾಡುತ್ತೇನೆ. ಕೆಳಗಿನ ಮನೆಯ ಮರಾಠಿ ಅಜ್ಜಿಯೊಬ್ಬರ ಪರಿಚಯವಾಗಿದೆಯಂತೆ. ರಟ್ಟಿನಲ್ಲಿ ಇನ್ನೂ ಜಾಗವಿದೆ, ಅವರ ಚಿತ್ರವನ್ನೂ ಬರೆದು ಕಳಿಸಬೇಕೆಂದು ಮಗಳಿಗೆ ಅಪ್ಪಣೆಯಾಗಿದೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿಯೂ ವಯಸ್ಸಾದ ತಾಯಿ ಅಥವಾ ಅತ್ತೆ ಇರಬಹುದು. ಊರಿನಿಂದ ಕರೆತಂದು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿರಬಹುದು. ಇವತ್ತು ಅಡುಗೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತು, ನಿಮ್ಮ ಗೆಳತಿಯರು ಯಾರು ಎಂದು ಕೇಳಿ. ಮೊದಲು 'ನನಗ್ಯಾರು ಗೆಳತಿಯರು' ಎಂದಾರು. ಇನ್ನೊಮ್ಮೆ ಕೇಳಿ. ಹೆಸರುಗಳು ಒಂದೊಂದಾಗಿ ಬರುತ್ತವೆ. ಆ ಹೆಸರುಗಳ ನಂಬರು ಹುಡುಕಿಕೊಡಿ, ಓದಲು ಬಾರದಿದ್ದರೆ ಚಿತ್ರ ಬರೆದುಕೊಡಿ, ಅಂಕಿ ಕಲಿಸಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಸಾಧ್ಯವಾದರೆ ಒಂದು ಶನಿವಾರ ಬಸ್ಸು ಹತ್ತಿಸಿ, ಜೊತೆಗೆ ನೀವೂ ಹೋಗಿ. ಮದುವೆಯ ಕರೆಯೋಲೆ ಬರಲೆಂದು ಕಾಯಬೇಡಿ, ಸಾವಿನ ಸುದ್ದಿ ಬರುವವರೆಗಂತೂ ಕಾಯಲೇಬೇಡಿ.

ಬಸ್ಸಿನಲ್ಲಿ ಸಿಕ್ಕ ಆ ಅಜ್ಜಿಯ ಗೆಳತಿ ಚಿಂಚೋಳಿಯ ಕಡೆ ಎಲ್ಲೋ ಇರಬಹುದು. ಮನ್ನಾಏಖೇಳ್ಳಿಯಿಂದ ಚಿಂಚೋಳಿಗೆ ನೇರ ರಸ್ತೆ ಇದೆ, ಟಿಕೆಟ್ಟೂ ಶೂನ್ಯ. ಆಕೆಯನ್ನು ಕರೆದೊಯ್ಯಲು ಮನೆಯಲ್ಲಿ ಒಬ್ಬರು ಎದ್ದು ನಿಂತರೆ ಸಾಕು.